ಆಟ ಮತ್ತು ಅನುಕರಣೆ

ರಜಾದಿನದ ಬೆಳಗಿನ ಹೊತ್ತು ನಮ್ಮ ನಾಡಿನ ಯಾವ ಊರಿಗೆ ಹೋದರೂ ಕಾಣುವ ನೋಟವೊಂದಿದೆ. ಶಾಲೆಯ ಬಯಲಾಗಲಿ, ಸುಗ್ಗಿ ಮುಗಿದ ಗದ್ದೆಯಾಗಲಿ, ಬತ್ತಿದ ಕೆರೆಯ ಅಂಗಳವಾಗಲಿ, ಅಲ್ಲಿ ಮೂರು ಕೋಲುಗಳನ್ನು ನೆಟ್ಟು ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಅವರ ಮಾತಿಗೆ ಕಿವಿಗೊಟ್ಟರೆ, ಜಗತ್ಪ್ರಸಿದ್ಧ ಆಟಗಾರರೆಲ್ಲರೂ ಅಲ್ಲಿಯೇ ನೆರೆದಿರುವರೇನೋ ಎಂಬ ಭ್ರಮೆಯುಂಟಾಗುತ್ತದೆ. ಒಬ್ಬನು ತನ್ನ ಹೊಡೆತ ಕೊಹ್ಲಿಯವರ ಹೊಡೆತದಂತೆಯೇ ಇದೆ ಎನ್ನುತ್ತಾನೆ. ಮತ್ತೊಬ್ಬನು ಬೂಮ್ರಾ ಅವರಂತೆ ಕೈಗಳನ್ನು ನೆಟ್ಟಗೆ ಚಾಚಿ ಚೆಂಡೆಸೆಯಲು ಬರುತ್ತಾನೆ. ಮೂರನೆಯವನು ತನ್ನ ತಾಳ್ಮೆಯನ್ನು ರಾಹುಲ್ ದ್ರಾವಿಡರ ತಾಳ್ಮೆಗೆ ಹೋಲಿಸಿಕೊಂಡು ಹಿಗ್ಗುತ್ತಾನೆ. ಐವತ್ತು ವರ್ಷಗಳ ಹಿಂದೆ ಇವೇ ಬಯಲುಗಳಲ್ಲಿ ಹುಡುಗರು ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಆಗುತ್ತಿದ್ದರು. ಹೆಸರುಗಳು ಬದಲಾದರೂ ಹೋಲಿಕೆಯ ಹಂಬಲ ಹಾಗೆಯೇ ಉಳಿದುಬಂದಿದೆ.

ಇದನ್ನು ಕಂಡು ನಗುವ ಹಿರಿಯರುಂಟು. ಹುಲಿಯನ್ನು ನೋಡಿ ನರಿ ಬರೆ ಎಳೆದುಕೊಂಡಂತೆ ಎಂಬ ಗಾದೆಯನ್ನು ಅವರು ಕೂಡಲೇ ನೆನೆಯುತ್ತಾರೆ. ಆ ನಗೆ ನನಗೆ ಒಪ್ಪಿಗೆಯಾಗದು. ಕಲಿಕೆಯೆಲ್ಲವೂ ಮೊದಲಾಗುವುದು ಅನುಕರಣೆಯಿಂದಲೇ. ಮಗು ತಾಯಿಯ ಮಾತನ್ನು ಕೇಳಿ ನುಡಿಯುತ್ತದೆ. ಸಂಗೀತದ ವಿದ್ಯಾರ್ಥಿ ಗುರುವಿನ ಕಂಠವನ್ನು ಹಿಂಬಾಲಿಸಿ ಹಾಡುತ್ತಾನೆ. ಬಡಗಿಯ ಮಗ ತಂದೆಯ ಕೈಯನ್ನು ನೋಡಿಯೇ ಉಳಿ ಹಿಡಿಯುತ್ತಾನೆ. ಕ್ರಿಕೆಟ್ಟೂ ಇದಕ್ಕೆ ಹೊರತಲ್ಲ. ದೆಹಲಿಯ ಅಂಚಿನ ನಜಫ್‌ಗಢದಲ್ಲಿ ಬೆಳೆದ ವೀರೇಂದ್ರ ಸೆಹ್ವಾಗ್ ಅವರು ಸಚಿನ್ ತೆಂಡೂಲ್ಕರರಂತೆ ಆಡಬೇಕೆಂದು ಹಂಬಲಿಸಿದವರು. ಮೊದಮೊದಲು ಅವರ ನಿಲುವಿನಲ್ಲಿಯೂ ಹೊಡೆತದಲ್ಲಿಯೂ ತೆಂಡೂಲ್ಕರರ ಛಾಯೆ ಎದ್ದು ಕಾಣುತ್ತಿತ್ತು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ೨೦೦೪ರಲ್ಲಿ ಮುಲ್ತಾನಿನಲ್ಲಿ ೨೯೫ ಓಟಗಳಿಗೆ ಬಂದಿದ್ದಾಗ ಚೆಂಡನ್ನು ಸಿಕ್ಸರಿಗೆ ಎತ್ತಿ, ಟೆಸ್ಟ್ ಪಂದ್ಯದಲ್ಲಿ ತ್ರಿಶತಕ ಬಾರಿಸಿದ ಮೊದಲ ಭಾರತೀಯರೆನಿಸಿದಾಗ, ಆ ಆಟ ಬೇರೆ ಯಾರದೂ ಆಗಿರಲಿಲ್ಲ. ಅನುಕರಣೆ ಮನೆಯ ಹೊಸ್ತಿಲಿದ್ದಂತೆ. ಅದನ್ನು ದಾಟದೆ ಒಳಗೆ ಹೋಗಲಾಗದು. ಅದರ ಮೇಲೆಯೇ ಕುಳಿತವನಿಗೂ ಒಳಮನೆ ಸಿಕ್ಕದು.

ಹಾಗಾದರೆ ಹೋಲಿಕೆಯಲ್ಲಿ ತೊಡಕಿರುವುದೆಲ್ಲಿ? ನಾವು ಹೋಲಿಸಿಕೊಳ್ಳುವುದು ಕಣ್ಣಿಗೆ ಕಾಣುವ ಭಂಗಿಯನ್ನು ಮಾತ್ರ. ಅದರ ಹಿಂದಿರುವ ಸಾಧನೆ ಕಣ್ಣಿಗೆ ಬೀಳುವುದಿಲ್ಲ. ಗಂಟೆಗೆ ೧೪೦ ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ ಸುಮಾರು ೩೯ ಮೀಟರ್ ಸಾಗುತ್ತದೆ. ವಿಕೆಟ್ಟುಗಳ ನಡುವಣ ದೂರ ೨೨ ಗಜ, ಎಂದರೆ ೨೦ ಮೀಟರಿಗೆ ತುಸು ಹೆಚ್ಚು. ಹೀಗಿರುವಲ್ಲಿ ದಾಂಡಿಗನಿಗೆ ದೊರೆಯುವ ಸಮಯ ಹೆಚ್ಚೆಂದರೆ ಅರ್ಧ ಸೆಕೆಂಡು. ಚೆಂಡು ಎಲ್ಲಿ ಬೀಳುವುದು, ಎತ್ತ ಹೊರಳುವುದು ಎಂಬುದನ್ನು ಅಷ್ಟರಲ್ಲೇ ಅರಿತು, ಕಾಲನ್ನು ಸರಿಸಿ, ದಾಂಡನ್ನು ಇಳಿಸಬೇಕು. ಯೋಚಿಸಿ ಮಾಡಲು ಅಲ್ಲಿ ಎಡೆಯಿಲ್ಲ. ಸಾವಿರಾರು ಗಂಟೆಗಳ ಅಭ್ಯಾಸವೇ ಆ ಗಳಿಗೆಯಲ್ಲಿ ಮೈಯನ್ನು ನಡೆಸುತ್ತದೆ. ನಮ್ಮ ಬಯಲಿನ ಟೆನಿಸ್ ಚೆಂಡು ೬೦ ಗ್ರಾಂ ಕೂಡ ತೂಗುವುದಿಲ್ಲ. ತೊಗಲಿನ ಕ್ರಿಕೆಟ್ ಚೆಂಡು ಸುಮಾರು ೧೬೦ ಗ್ರಾಂ ತೂಗುತ್ತದೆ. ಒಂದು ತಗುಲಿದರೆ ಚುರುಕ್ಕೆನ್ನುತ್ತದೆ, ಇನ್ನೊಂದು ಎಲುಬನ್ನು ಮುರಿಯಬಲ್ಲದು. ಆದುದರಿಂದ ಹೊಡೆತ ಹೊರಗಿನಿಂದ ಒಂದೇ ಬಗೆಯಾಗಿ ಕಂಡರೂ ಎರಡೂ ಒಂದೇ ಅಲ್ಲ.

ಇನ್ನೊಂದು ಮಾತನ್ನೂ ಗಮನಿಸಬೇಕು. ಶೈಲಿಯೆಂಬುದು ಅಂಗಡಿಯಲ್ಲಿ ಕೊಂಡು ತೊಡುವ ಅಂಗಿಯಲ್ಲ. ಅದು ಅವರವರ ಮೈಯಲ್ಲಿ ಬೆಳೆದು ಬರುವಂಥದು. ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರ ಬಲಗೈಯನ್ನು ಎಳವೆಯಲ್ಲಿಯೇ ಪೋಲಿಯೊ ರೋಗ ಸೊರಗಿಸಿತು. ಅದೇ ಸೊರಗಿದ ಕೈಯಿಂದ ಅವರು ಚೆಂಡೆಸೆದರು. ೧೯೭೧ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ೩೮ ಓಟಗಳಿಗೆ ಆರು ವಿಕೆಟ್ಟುಗಳನ್ನು ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವನ್ನು ತಂದುಕೊಟ್ಟರು. ಅಂಥ ಕೈಯನ್ನು ಅನುಕರಿಸುವುದು ಹೇಗೆ? ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರದು ಗಿಡ್ಡ ಮೈಕಟ್ಟು. ಎತ್ತರದ ಆಟಗಾರನ ಸೊಂಟದ ಮಟ್ಟಕ್ಕೆ ಬರುವ ಚೆಂಡು ಅವರ ಎದೆಯ ಮಟ್ಟಕ್ಕೆ ಬರುತ್ತಿತ್ತು. ಆ ಕೊರತೆಯನ್ನು ಮಣಿಕಟ್ಟಿನ ಬಲದಿಂದ ತುಂಬಿಕೊಂಡ ಅವರ ಸ್ಕ್ವೇರ್ ಕಟ್ ಹೊಡೆತ ನೋಡುವವರ ಕಣ್ಣಿಗೆ ಹಬ್ಬವಾಯಿತು. ಬೆಂಗಳೂರಿನ ಅನಿಲ್ ಕುಂಬ್ಳೆಯವರ ಚೆಂಡು ಲೆಗ್ ಸ್ಪಿನ್ನರನ ಚೆಂಡಿನಂತೆ ಸಾಕಷ್ಟು ಹೊರಳುವುದಿಲ್ಲವೆಂದು ಆಡಿಕೊಂಡವರು ಹಲವರು. ಅವರು ತಮ್ಮ ವೇಗವನ್ನೂ ಪುಟಿತವನ್ನೂ ನಂಬಿ, ಭಾರತದ ಪರವಾಗಿ ಬೇರೆ ಯಾರೂ ಗಳಿಸದ ೬೧೯ ಟೆಸ್ಟ್ ವಿಕೆಟ್ಟುಗಳನ್ನು ಗಳಿಸಿದರು. ಈ ಮೂವರೂ ಮತ್ತೊಬ್ಬರ ಪಡಿಯಚ್ಚಾಗಿಯೇ ಉಳಿಯಲು ಹೊರಟಿದ್ದರೆ ಅವರ ಹೆಸರನ್ನು ಇಂದು ನಾವು ಕೇಳುತ್ತಿರಲಿಲ್ಲ.

ಹೋಲಿಸಿಕೊಳ್ಳಲು ಹಿಂದಿನವರು ಯಾರೂ ಇಲ್ಲದೆ ಆಡಿದವರೂ ಇದ್ದಾರೆ. ಭಾರತದ ಮಹಿಳೆಯರು ಮೊತ್ತಮೊದಲ ಟೆಸ್ಟ್ ಪಂದ್ಯವನ್ನು ೧೯೭೬ರಲ್ಲಿ ಬೆಂಗಳೂರಿನಲ್ಲಿ ಆಡಿದಾಗ ತಂಡದ ನಾಯಕಿಯಾಗಿದ್ದವರು ಕನ್ನಡ ನಾಡಿನ ಶಾಂತಾ ರಂಗಸ್ವಾಮಿ. ಮರುವರ್ಷವೇ ಅವರು ನ್ಯೂಜಿಲೆಂಡಿನಲ್ಲಿ ೧೦೮ ಓಟಗಳನ್ನು ಗಳಿಸಿ, ಟೆಸ್ಟ್ ಶತಕ ಹೊಡೆದ ಮೊದಲ ಭಾರತೀಯ ಮಹಿಳೆಯಾದರು. ತುಳಿದ ದಾರಿಯಿಲ್ಲದ ಕಡೆ ಅವರು ತಾವೇ ದಾರಿ ಮಾಡಿಕೊಂಡು ನಡೆದರು.

ಹವ್ಯಾಸಿ ಆಟಗಾರನು ಕೊಡುವವನಲ್ಲ, ಬರಿದೇ ಕೊಳ್ಳುವವನು ಎಂದು ಭಾವಿಸುವುದೂ ಸರಿಯಲ್ಲ. ಮಹೇಂದ್ರ ಸಿಂಗ್ ಧೋನಿಯವರ ‘ಹೆಲಿಕಾಪ್ಟರ್’ ಹೊಡೆತವನ್ನು ಇಂದು ಬಯಲಿನ ಹುಡುಗರೆಲ್ಲ ಅನುಕರಿಸುತ್ತಾರೆ. ಧೋನಿಯವರಾದರೋ ಅದನ್ನು ಕಲಿತದ್ದು ರಾಂಚಿಯಲ್ಲಿ ಟೆನಿಸ್ ಚೆಂಡಿನ ಆಟವಾಡುತ್ತಿದ್ದಾಗ, ಜೊತೆಯ ಗೆಳೆಯನಿಂದ! ಬಯಲಿನಲ್ಲಿ ಹುಟ್ಟಿದ ಹೊಡೆತ ದೊಡ್ಡ ಮೈದಾನಗಳನ್ನು ಸುತ್ತಿ ಮರಳಿ ಬಯಲಿಗೇ ಬಂದಿತು. ಆ ಗೆಳೆಯನೂ ಹೆಸರಾಂತ ಆಟಗಾರನೊಬ್ಬನ ಭಂಗಿಯನ್ನೇ ನಂಬಿ ಕುಳಿತಿದ್ದರೆ ಆ ಹೊಡೆತ ಹುಟ್ಟುತ್ತಿತ್ತೇ?

ಹೋಲಿಕೆ ಮಿತಿಮೀರಿದಾಗ ಆಗುವ ಹಾನಿ ಸಣ್ಣದಲ್ಲ. ತನ್ನನ್ನು ಮಹಾ ಆಟಗಾರನೆಂದೇ ಬಗೆದ ಹುಡುಗ, ತನ್ನ ತಪ್ಪನ್ನು ತಿದ್ದಲು ಬಂದವರ ಮೇಲೆ ಮುನಿಯುತ್ತಾನೆ. ತಾನು ಯಾರಂತೆಯೂ ಇಲ್ಲವೆಂದು ಕಂಡುಕೊಂಡ ಹುಡುಗ ನಾಚಿ ಬಯಲಿನ ಅಂಚಿಗೆ ಸರಿಯುತ್ತಾನೆ. ಕೊನೆಗೆ ಆಟವನ್ನೇ ಬಿಡುತ್ತಾನೆ. ಇವರಲ್ಲಿ ಎರಡನೆಯವನನ್ನು ಕಂಡರೆ ನನಗೆ ಹೆಚ್ಚಿನ ಮರುಕ. ವೃತ್ತಿ ಆಟಗಾರನಿಗೆ ಗೆಲುವಿನ ಹೊಣೆಯಿದೆ, ಆಯ್ಕೆಯ ಚಿಂತೆಯಿದೆ. ಹವ್ಯಾಸಿಗೆ ಅವು ಯಾವುವೂ ಇಲ್ಲ. ಮೈ ಬೆವರುವಂತೆ ಆಡಿ, ಗೆಳೆಯರೊಡನೆ ನಕ್ಕು ಮನೆಗೆ ಹೋಗುವ ಸುಖ ಅವನ ಪಾಲಿಗೆ ಬಂದ ಭಾಗ್ಯ. ಅದನ್ನು ಅನುಭವಿಸಲು ಯಾರ ಹೆಸರಿನ ಆಸರೆಯೂ ಬೇಕಾಗಿಲ್ಲ.

ಇಷ್ಟಾದರೂ ಹೋಲಿಸಿಕೊಳ್ಳಲೇಬೇಕೆಂದರೆ ಅದಕ್ಕೊಂದು ಎಡೆಯಿದೆ. ೧೯೮೦ರಲ್ಲಿ ಮುಂಬಯಿಯಲ್ಲಿ ಭಾರತಕ್ಕೂ ಇಂಗ್ಲೆಂಡಿಗೂ ಟೆಸ್ಟ್ ಪಂದ್ಯ ನಡೆಯಿತು. ಭಾರತದ ನಾಯಕರು ವಿಶ್ವನಾಥರು. ಇಂಗ್ಲೆಂಡ್ ಐದು ವಿಕೆಟ್ಟುಗಳನ್ನು ಕಳೆದುಕೊಂಡು ಕುಸಿದಿದ್ದಾಗ ಅಂಪೈರರು ಬಾಬ್ ಟೇಲರ್ ಔಟಾದರೆಂದು ತೀರ್ಪಿತ್ತರು. ಚೆಂಡು ದಾಂಡಿಗೆ ತಗುಲಿಲ್ಲವೆಂದು ಮನಗಂಡ ವಿಶ್ವನಾಥರು ಟೇಲರರನ್ನು ಮರಳಿ ಆಡಲು ಕರೆದರು. ಟೇಲರ್ ಮತ್ತು ಬಾಥಮ್ ಜೋಡಿ ೧೭೧ ಓಟಗಳನ್ನು ಕೂಡಿಸಿತು, ಭಾರತ ಸೋತಿತು. ಆ ಸೋಲನ್ನು ಇಂದಿಗೂ ಜನ ಗೌರವದಿಂದ ನೆನೆಯುತ್ತಾರೆ.

ವಿಶ್ವನಾಥರ ಮಣಿಕಟ್ಟು ಎಲ್ಲರಿಗೂ ಬರುವಂಥದಲ್ಲ. ಆದರೆ ಬಯಲಿನ ಪಂದ್ಯದಲ್ಲಿ, ಅಂಪೈರನೂ ತನ್ನ ಪಕ್ಷದವನೇ ಆಗಿರುವಾಗ, ಚೆಂಡು ತನ್ನ ದಾಂಡಿಗೆ ತಗುಲಿದ್ದು ನಿಜವೆಂದು ಒಪ್ಪಿ ತಾನಾಗಿಯೇ ಹೊರನಡೆಯುವ ಹುಡುಗನು ಆ ಗಳಿಗೆಯಲ್ಲಿ ವಿಶ್ವನಾಥರಿಗೆ ಸರಿಸಮಾನನು. ಅದಕ್ಕೆ ಸಾವಿರಾರು ಗಂಟೆಗಳ ಅಭ್ಯಾಸ ಬೇಕಾಗಿಲ್ಲ, ಮನಸ್ಸಿದ್ದರೆ ಸಾಕು.