ಹಳೇ ಬ್ಯಾಟರಿ ಯಾರ ಯಕೃತ್ತಿಗೆ?

ಯುಪಿಎಸ್ ಬ್ಯಾಟರಿ ಕೈಕೊಟ್ಟ ದಿನ ನಮ್ಮ ಬಾಯಲ್ಲಿ ಬರುವುದು ಒಂದೇ ಮಾತು: "ಹಳೇದಕ್ಕೆ ಎಷ್ಟು ಕೊಡ್ತೀಯಪ್ಪ?" ಗುಜರಿಯವನು ಒಂದು ರೇಟು ಹೇಳುತ್ತಾನೆ, ನಾವು ಇನ್ನೂರು ಮುನ್ನೂರು ಜಗ್ಗಾಡುತ್ತೇವೆ, ಆಸಿಡ್ ಜಿನುಗುವ ಆ ಭಾರದ ಪೆಟ್ಟಿಗೆ ಗಾಡಿ ಹತ್ತುತ್ತದೆ. ಎಲ್ಲಿಗೆ ಒಯ್ಯುತ್ತೀಯ ಎಂದು ಮಾತ್ರ ಕೇಳುವುದಿಲ್ಲ. ಓದಿದವರು, ಪರಿಸರದ ದಿನ ಗಿಡ ನೆಡುವವರು, ನಾವ್ಯಾರೂ ಕೇಳುವುದಿಲ್ಲ.

ಆ ಪೆಟ್ಟಿಗೆಯೊಳಗಿನ ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ಒಂದು ಕಬ್ಬಿಣದ ಬಾಣಲೆ, ಒಂದಿಷ್ಟು ಇದ್ದಿಲು ಇದ್ದರೆ ಯಾರ ಹಿತ್ತಲಾದರೂ ಕುಲುಮೆಯಾಗುತ್ತದೆ. ಅದರ ಹೊಗೆ, ಧೂಳು ಅಂಗಳದ ಮಣ್ಣಿಗೆ ಇಳಿಯುತ್ತದೆ, ಅಪ್ಪನ ಅಂಗಿಯಲ್ಲಿ ಮನೆಯೊಳಗೂ ಬರುತ್ತದೆ. ಅಂಬೆಗಾಲಿಡುವ ಮಗು ಆ ಮಣ್ಣು ಮುಟ್ಟಿ ಬೆರಳು ಚೀಪುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ಕರುಳು ಹೀರುವುದು ಹತ್ತರಲ್ಲಿ ಒಂದು ಪಾಲಿನಷ್ಟು. ಮಗುವಿನದು ಅರ್ಧದ ಹತ್ತಿರ. ಊಟದಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಅಂದರೆ ಅರೆಹೊಟ್ಟೆಯ ಮಗುವಿಗೇ ಹೆಚ್ಚು ವಿಷ.

ಕರುಳು ಹೀರಿದ ಸೀಸ ಮೊದಲು ಹೋಗುವುದು ಯಕೃತ್ತಿಗೆ. ಮೆತ್ತನೆಯ ಅಂಗಗಳ ಪೈಕಿ ಸೀಸ ಹೆಚ್ಚು ಕೂರುವುದು ಅಲ್ಲಿ ಮತ್ತು ಮೂತ್ರಪಿಂಡದಲ್ಲಿ. ಜೀವಕೋಶದ ಒಳಹೊಕ್ಕ ಸೀಸ ಗಂಧಕವಿರುವ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ, ಕೋಶವನ್ನು ಕಾಯುವ ಗ್ಲುಟಥಯೋನ್ ಬರಿದಾಗುತ್ತದೆ, ಕೋಶಪೊರೆಯ ಕೊಬ್ಬು ಕೆಡುತ್ತದೆ. ಹೀಮ್ ತಯಾರಿಸುವ ಕಿಣ್ವಗಳೂ ತಡೆಹಿಡಿಯಲ್ಪಡುತ್ತವೆ. ಹೀಮ್ ಎಂದರೆ ರಕ್ತದ ಕೆಂಪು ಎಂದಷ್ಟೇ ನಮಗೆ ಗೊತ್ತು. ಯಕೃತ್ತು ಔಷಧ, ವಿಷಗಳನ್ನು ಮುರಿಯಲು ಬಳಸುವ ಸೈಟೋಕ್ರೋಮ್ ಕಿಣ್ವಗಳಿಗೂ ಅದೇ ಬೇಕು. ಕಾವಲುಗಾರನ ಕೈಯನ್ನೇ ಕಟ್ಟಿಹಾಕಿದ ಹಾಗೆ.

ಇನ್ನೊಂದು ಸಂಗತಿಯಂತೂ ನನ್ನನ್ನು ಬೆಚ್ಚಿಬೀಳಿಸಿತು. ಕತ್ತರಿಸಿದರೆ ಯಕೃತ್ತು ಮತ್ತೆ ಬೆಳೆಯುತ್ತದೆ, ನಿಜ. ಗಾಯ ಅದನ್ನು ಬೆಳೆಯಲು ಕರೆಯುತ್ತದೆ. ಆದರೆ ಇಲಿಗಳಿಗೆ ಒಮ್ಮೆ ಸೀಸದ ನೈಟ್ರೇಟ್ ಚುಚ್ಚಿದರೆ ಯಾವ ಗಾಯವೂ ಇಲ್ಲದೆ ಯಕೃತ್ತಿನ ಕೋಶಗಳು ಒಡೆದು ಇಮ್ಮಡಿಸತೊಡಗುತ್ತವೆ, ಅಂಗವೇ ಹಿಗ್ಗುತ್ತದೆ. ಕೆಲ ದಿನಗಳಲ್ಲಿ ಹೆಚ್ಚಾದ ಕೋಶಗಳು ತಾವಾಗಿ ಸಾಯುತ್ತವೆ. ಇಟಲಿಯ ಕಾಲ್ಯಾರಿಯ ವಿಜ್ಞಾನಿಗಳು 1980ರ ದಶಕದಲ್ಲೇ ಇದನ್ನು ದಾಖಲಿಸಿದ್ದಾರೆ. ಅದು ಇಲಿ, ಪ್ರಮಾಣವೂ ದೊಡ್ಡದು. ನಮ್ಮ ಮಕ್ಕಳಿಗೂ ಹಾಗೇ ಆಗುತ್ತದೆಂದು ನಾನು ಹೇಳಲಾರೆ. ಮಕ್ಕಳಲ್ಲಿ ಬುದ್ಧಿ ಕುಂದುತ್ತದೆ, ಎತ್ತರ ಕುಗ್ಗುತ್ತದೆ, ಅಷ್ಟು ಖಚಿತ. ಸುರಕ್ಷಿತ ಎನ್ನಬಹುದಾದ ಮಟ್ಟವೇ ತಿಳಿದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸೆನೆಗಲ್‌ನ ಡಾಕಾರ್ ಬಳಿಯ ಥಿಯಾರೋಯ್‌ನಲ್ಲಿ 2007ರ ನವೆಂಬರಿನಿಂದ 2008ರ ಮಾರ್ಚಿನೊಳಗೆ 18 ಮಕ್ಕಳು ಸತ್ತರು. ಬ್ಯಾಟರಿ ಒಡೆದ ಮಣ್ಣು ಜರಡಿ ಹಿಡಿದು ಸೀಸ ಆಯುವುದು ಅಲ್ಲಿನ ಹೆಂಗಸರ ಹೊಟ್ಟೆಪಾಡಾಗಿತ್ತು. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು. ಭಾರತದ ಪಾಲು ಸುಮಾರು 27.5 ಕೋಟಿ ಮಕ್ಕಳು!

ಕೈಚೆಲ್ಲುವುದು ಬೇಡ. 2000ದಲ್ಲಿ ನಮ್ಮ ಪೆಟ್ರೋಲಿನಿಂದ ಸೀಸ ಹೋಯಿತು. ಬಾಂಗ್ಲಾದೇಶದಲ್ಲಿ 2019ರಲ್ಲಿ ಪರೀಕ್ಷಿಸಿದ ಅರಿಸಿನದ ಮಾದರಿಗಳ ಪೈಕಿ ಶೇಕಡಾ 47ರಲ್ಲಿ ಸೀಸವಿತ್ತು; ಸರ್ಕಾರ ಕಲಬೆರಕೆದಾರರ ಬೆನ್ನುಬಿದ್ದ ಮೇಲೆ 2021ಕ್ಕೆ ಅದು ಸೊನ್ನೆಗಿಳಿಯಿತು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿದ್ದ ರಾಷ್ಟ್ರೀಯ ಸೀಸವಿಷ ಕೇಂದ್ರದಿಂದ ಡಾ. ತುಪ್ಪಿಲ್ ವೆಂಕಟೇಶ್ ವರ್ಷಗಟ್ಟಲೆ ಸೀಸದ ಅಪಾಯವನ್ನೇ ಹೇಳಿದರು. ಕೇಳಿಸಿಕೊಂಡವರು ಕಡಿಮೆ.

ಆದ್ದರಿಂದ ಹಳೇ ಬ್ಯಾಟರಿಯನ್ನು ಹೊಸದು ಕೊಟ್ಟ ಅಂಗಡಿಗೇ ಮರಳಿಸಿ, ರಸೀದಿ ಕೇಳಿ. 2022ರ ಬ್ಯಾಟರಿ ತ್ಯಾಜ್ಯ ನಿಯಮ ಅದನ್ನು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೇ ಹಾಕಿದೆ. ಸಿಗುವ ದುಡ್ಡು ಕಡಿಮೆಯಾದರೆ ಆಗಲಿ. ಅಧಿಕಾರಿಗಳೇ, ಕುಲುಮೆ ಒಡೆದು ಫೋಟೋ ತೆಗೆಸಿಕೊಂಡು ಹೋಗಬೇಡಿ; ಕುಲುಮೆಯವನು ಮುಂದಿನ ಓಣಿಯಲ್ಲಿ ಮತ್ತೆ ಬಾಣಲೆ ಇಡುತ್ತಾನೆ. ಅವನಿಗೆ ಬೇರೆ ಕೆಲಸ ಕೊಡಿ. ವೈದ್ಯರೇ, ಮಾಮೂಲಿ ಲಿವರ್ ಪರೀಕ್ಷೆ ಸೀಸವನ್ನು ಅಳೆಯುವುದಿಲ್ಲ. ಆ ಓಣಿಯ ಮಗು ಬಂದರೆ ರಕ್ತದ ಸೀಸ ಪರೀಕ್ಷೆಗೇ ಬರೆದುಕೊಡಿ. ಅಂಗನವಾಡಿಯಲ್ಲಿ ಮಗುವಿನ ತೂಕ, ಎತ್ತರ ಬರೆದುಕೊಳ್ಳುತ್ತಾರಲ್ಲ, ಅದೇ ಪುಸ್ತಕದಲ್ಲಿ ಸೀಸಕ್ಕೂ ಒಂದು ಕಾಲಂ ಬರಬೇಕು. ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಿ.