ಆಡು ಮುಟ್ಟದ ಸೊಪ್ಪು

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬುದು ಕನ್ನಡದ ಜನಪ್ರಿಯ ಗಾದೆ. ಅದೇ ಕನ್ನಡದಲ್ಲಿ ‘ಆಡುಮುಟ್ಟದ ಬಳ್ಳಿ’ ಎಂಬ ಔಷಧೀಯ ಸಸ್ಯದ ಹೆಸರೂ ಇದೆ. ಗಾದೆ ಕಟ್ಟಿದವರು ಆಡನ್ನು ದೂರದಿಂದ ಕಂಡವರು, ಬಳ್ಳಿಗೆ ಹೆಸರಿಟ್ಟವರು ಅದರ ಹಿಂದೆ ನಡೆದವರು ಎನ್ನಬಹುದು. ಆಡುಗಳಿಂದ ಕಳೆ ಮೇಯಿಸಿ ನೆಲವನ್ನು ಹಸನುಗೊಳಿಸುವ ವಿಚಾರ ಇಂದು ಮನ್ನಣೆ ಪಡೆಯುತ್ತಿರುವಾಗ ಈ ವ್ಯತ್ಯಾಸ ಮುಖ್ಯವೆನಿಸುತ್ತದೆ.

ಕ್ಯಾಲಿಫೋರ್ನಿಯದಲ್ಲಿ ಕಾಳ್ಗಿಚ್ಚಿಗೆ ಆಹಾರವಾಗುವ ಪೊದೆಗಳನ್ನು ಮೇಯಿಸಲು ಆಡಿನ ಹಿಂಡುಗಳನ್ನು ಬಾಡಿಗೆಗೆ ತರಲಾಗುತ್ತದೆ. ಕರ್ನಾಟಕದ ಬಯಲುಸೀಮೆಗೆ ಇದು ಹೊಸತಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿಸಿ, ಕುರುಬರಿಗೆ ಕಾಳನ್ನೋ ಹಣವನ್ನೋ ಕೊಡುವ ವಾಡಿಕೆ ಹಳೆಯದು. ಕುರಿ ಆಡುಗಳ ಮಂದೆ ಕೂಳೆಯನ್ನೂ ಕಳೆಯನ್ನೂ ಮೇಯ್ದು ಹಿಕ್ಕೆ ಗಂಜಲಗಳನ್ನು ನೆಲಕ್ಕೆ ಬಿಡುತ್ತದೆ. ಆದರೆ ಆಡು ತಾನಾಗಿಯೇ ಈ ಕೆಲಸವನ್ನು ಸರಿಯಾಗಿ ಮಾಡಲಾರದು. ಲಂಟಾನದ ಎಲೆ ಅದಕ್ಕೆ ವಿಷ. ಬಳ್ಳಾರಿ ಜಾಲಿಯ ಸಿಹಿಗಾಯಿ ತಿಂದರೆ ಬೀಜವನ್ನು ಹಿಕ್ಕೆಯೊಡನೆ ಹೊಸ ನೆಲಕ್ಕೆ ಹರಡುತ್ತದೆ. ಒಂದೆಡೆ ಬಹುದಿನ ನಿಂತರೆ ಬೇಕಾದ ಎಳೆಗಿಡವೂ ಉಳಿಯದು. ಎಲ್ಲಿ, ಯಾವಾಗ, ಎಷ್ಟು ದಿನ ಮೇಯಿಸಬೇಕೆಂಬುದನ್ನು ಅರಿತವರು ಮಂದೆ ಕಾಯುವವರು. ಆ ಅರಿವು ಉಳಿದಿರುವುದು ಅವರ ಮಾತಿನಲ್ಲಿ.

ಆ ಮಾತನ್ನು ವಿದ್ವತ್ತು ಹೇಗೆ ಕಂಡಿದೆ ಎಂಬುದಕ್ಕೆ ನಾಗಪುರದ ಬಳಿಯ ಕನ್ಹಾನ್ ನದಿಯ ಸೀಮೆ ಒಂದು ನಿದರ್ಶನ. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯ 1906ರ ಸಂಪುಟವು ನಾಗಪುರ, ಸಿವನಿ, ಬಾಲಾಘಾಟ್ ಪ್ರದೇಶಗಳ ‘ಗೋಲರಿ’ಯನ್ನು ಕನ್ನಡದ ಉಪಭಾಷೆಯೆಂದು ಗುರುತಿಸಿತು. ಗೋಲರರು ಮಂದೆ ಕಾಯುವ ಅಲೆಮಾರಿಗಳು. ಸಮೀಕ್ಷೆಯ ಸಿದ್ಧ ಮಾದರಿಯಾದರೋ ಬೈಬಲಿನ ದಾರಿತಪ್ಪಿದ ಮಗನ ಕಥೆ. ಅಂತಹ ಕಥೆಯಿಂದ ವಿಭಕ್ತಿ, ಕ್ರಿಯಾರೂಪಗಳು ತಿಳಿದಾವು. ಮೇವಿನ, ವಿಷದ ಸೊಪ್ಪಿನ, ಪಶುರೋಗದ, ಹಾದಿಯ ಹೆಸರುಗಳು ದೊರೆಯಲಾರವು. ಉಪಭಾಷಾ ಅಧ್ಯಯನ ಇಂದಿಗೂ ಬಹುಮಟ್ಟಿಗೆ ವ್ಯಾಕರಣದ ಹೊಸ್ತಿಲನ್ನು ದಾಟಿಲ್ಲ.

ಈ ಕೊರತೆ ಕೇವಲ ವಿದ್ವತ್ತಿನದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಮೇಯಿಸುವ ಹಕ್ಕನ್ನೂ ಅಲೆಮಾರಿ ಪಶುಪಾಲಕರ ಋತುಮಾನದ ಬಳಕೆಯನ್ನೂ ಮಾನ್ಯಮಾಡಿದೆ. ಬರೆಹಕ್ಕಿಳಿಸಿದ ಹಿರಿಯರ ಹೇಳಿಕೆಯನ್ನು ಅದರ ನಿಯಮಗಳು ಸಾಕ್ಷ್ಯವಾಗಿ ಒಪ್ಪುತ್ತವೆ. ಹೀಗಿರುವಾಗ ಕುರಿಹಟ್ಟಿಯಲ್ಲಿ ಕುಳಿತು ಹುಲ್ಲು, ಸೊಪ್ಪು, ಹಾದಿಗಳ ಹೆಸರನ್ನು ಬರೆದುಕೊಳ್ಳುವ ಕನ್ನಡ ವಿದ್ಯಾರ್ಥಿಯ ಟಿಪ್ಪಣಿಪುಸ್ತಕ ನಿಘಂಟಿಗೂ ನೆಲಕ್ಕೂ ಸಮಾನವಾಗಿ ಬೇಕಾದುದು. ಕ್ಷೇತ್ರಕಾರ್ಯವನ್ನು ಪದವಿಯ ಔಪಚಾರಿಕತೆಯಾಗಿ ನಡೆಸುವ ವಿಭಾಗಗಳು ಇದನ್ನು ಮೊದಲ ಕರ್ತವ್ಯವಾಗಿ ಎಣಿಸಬೇಕು.