ಪಹಣಿಯಲ್ಲಿ ಹೆಸರಿಲ್ಲದ ರೈತರು

ರೈತನೆಂದರೆ ಯಾರು? ಚಳ್ಳಕೆರೆಯ ಸಂತೆಯಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳಿದರೆ ಜನರು ನಕ್ಕಾರು. ಮುಂಗಾರಿನ ಮೊದಲ ಹದಕ್ಕೆ ಶೇಂಗಾ ಬಿತ್ತಿದವನು, ಕೊಳವೆ ಬಾವಿ ಬತ್ತಿದ ದಿನ ಸಾಲವನ್ನು ತಲೆಯ ಮೇಲೆ ಹೊತ್ತವನು ರೈತನೆಂದು ಹೇಳಿಯಾರು. ಸರ್ಕಾರದ ಕಚೇರಿಯಲ್ಲಿ ಇದೇ ಪ್ರಶ್ನೆಗೆ ದೊರೆಯುವ ಉತ್ತರವೇ ಬೇರೆ. ಪಹಣಿಯ 9ನೆಯ ಕಲಮಿನಲ್ಲಿ ಯಾರ ಹೆಸರಿರುವುದೋ ಅಲ್ಲಿ ಆತನೇ ರೈತನು. ಆತನು ಎಪ್ಪತ್ತು ದಾಟಿ ಹೊಲದ ಮುಖ ನೋಡಿ ವರ್ಷಗಳಾಗಿರಬಹುದು. ಪರಲೋಕವಾಸಿಯೇ ಆಗಿದ್ದು ಪೌತಿ ಖಾತೆಯ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತಿರಲೂಬಹುದು. ಬಿತ್ತಿ ಬೆಳೆಯುವ ಮಗನು ಮಾತ್ರ ಸರ್ಕಾರದ ಲೆಕ್ಕಕ್ಕೆ ರೈತನಲ್ಲ. ರೈತನ ಮನೆಯ ಒಬ್ಬ ಆಳು.

ಇದು ನಾಡಿನೆಲ್ಲೆಡೆ ಇರುವ ಸಂಗತಿಯೇ ಹೌದು. ಆದರೆ ಚಳ್ಳಕೆರೆ ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಇದರ ಪೆಟ್ಟು ಹೆಚ್ಚು. ರಾಜ್ಯದಲ್ಲಿ ಅತ್ಯಲ್ಪ ಮಳೆ ಬೀಳುವ ಸೀಮೆಗಳಲ್ಲಿ ಇವೆರಡೂ ಸೇರಿವೆ. ಭೂಮಿಯಲ್ಲಿ ಬಹುಭಾಗ ಖುಷ್ಕಿ, ಬೆಳೆಯೆಂದರೆ ಶೇಂಗಾ. ಚಳ್ಳಕೆರೆಗೆ ಎಣ್ಣೆಯ ಊರೆಂಬ ಕೀರ್ತಿಯನ್ನು ತಂದ ಗಿರಣಿಗಳಿಗೆ ಜೀವ ಕೊಟ್ಟುದೂ ಈ ಒಂದು ಬೆಳೆಯೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟಾಗ ಅವುಗಳಲ್ಲಿ ಇವೆರಡೂ ಇದ್ದವು. ಇಂತಹ ನೆಲದಲ್ಲಿ ಬೇಸಾಯವನ್ನು ಹಿಡಿದು ನಿಲ್ಲುವ ತರುಣನು ಬೆಂಗಳೂರಿನ ಬಸ್ಸು ಹತ್ತಲು ಬಾರದೆ ನಿಂತವನಲ್ಲ; ಹತ್ತಬಹುದಾಗಿದ್ದೂ ಹತ್ತದೆ ಉಳಿದವನು. ಆತನನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ?

ಸಹಕಾರ ಸಂಘದ ಬೆಳೆಸಾಲಕ್ಕೆ ಪಹಣಿ ಬೇಕು. ಬಡ್ಡಿಯಿಲ್ಲದ ಸಾಲದ ಮಿತಿಯನ್ನು 2023ರಲ್ಲಿ 5 ಲಕ್ಷಕ್ಕೆ ಏರಿಸಿದರು. ಏರಿದ್ದು ಪಹಣಿ ಉಳ್ಳವರಿಗೆ. ಪ್ರಧಾನಮಂತ್ರಿಗಳ ಹೆಸರಿನ ಫಸಲ್ ವಿಮೆ 2016ರಲ್ಲಿ ಬಂದಿತು. ಅದಕ್ಕೂ ಭೂಮಿಯ ದಾಖಲೆ ಬೇಕು. 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಯೋಜನೆ ವರ್ಷಕ್ಕೆ 6,000 ರೂಪಾಯಿಗಳನ್ನು ಕೊಡುತ್ತದೆ. ಅದರ ನಿಯಮದಲ್ಲಿ ರೈತ ಕುಟುಂಬವೆಂದರೆ ಭೂಮಿಯುಳ್ಳ ಗಂಡ, ಹೆಂಡತಿ ಮತ್ತು ಅಪ್ರಾಪ್ತ ವಯಸ್ಸಿನ ಮಕ್ಕಳು. ಮಗನು ಹದಿನೆಂಟು ತುಂಬಿ, ಮೈ ಬಗ್ಗಿಸಿ ದುಡಿಯತೊಡಗಿದ ದಿನವೇ ಆ ಕುಟುಂಬದಿಂದ ಹೊರಗೆ! 2019ರ ಫೆಬ್ರವರಿ 1ರ ಅನಂತರ ಭೂಮಿಯನ್ನು ಕೊಂಡು ಹೊಸದಾಗಿ ಬೇಸಾಯಕ್ಕಿಳಿದವನನ್ನೂ ಅದೇ ನಿಯಮ ಐದು ವರ್ಷ ಹೊರಗಿಟ್ಟಿತು. ವಾರಸಿನಿಂದ ಬಂದ ಭೂಮಿಗೆ ಮಾತ್ರ ವಿನಾಯಿತಿ. 2024ರ ಆರಂಭದಲ್ಲಿ ರಾಜ್ಯ ಸರ್ಕಾರದವರು ಬರಪರಿಹಾರದ ಮೊದಲ ಕಂತನ್ನು ಹಂಚಿದ್ದು ಫ್ರೂಟ್ಸ್ ನೋಂದಣಿಯ ಆಧಾರದಿಂದ, ಆ ನೋಂದಣಿಯ ಆಧಾರ ಮತ್ತೆ ಪಹಣಿ. ಹಣದ ಮಾತು ದೊಡ್ಡದಲ್ಲ. ಯಾರ ಹೆಸರಿನಲ್ಲಿ ಸಾಲವೋ, ಪರಿಹಾರವೋ, ಅವರ ಮಾತಿಗಷ್ಟೇ ಸಂಘದ ಸಭೆಯಲ್ಲಿ ಬೆಲೆ. ಬೇಸಾಯದ ಹೊಣೆ ಹೊತ್ತವನಿಗೆ ಬೇಸಾಯದ ವಿಚಾರದಲ್ಲಿ ಬಾಯಿಲ್ಲ. ಸೊಸೆಯಂದಿರ ಸ್ಥಿತಿಯನ್ನಂತೂ ಹೇಳತಕ್ಕದ್ದೇ ಇಲ್ಲ. ಶೇಂಗಾ ಬಿಡಿಸುವ ಕೈಗಳಲ್ಲಿ ಹೆಚ್ಚಿನವು ಅವರವು.

ತಂದೆಗೆ ಭೂಮಿಯೇ ಇಲ್ಲದೆ ಹೊಸದಾಗಿ ಆರಂಭಿಸುವವನ ಪಾಡು ಇನ್ನೂ ಕಷ್ಟದ್ದು. 1974ರ ಭೂಸುಧಾರಣೆಯು ಗೇಣಿಯನ್ನು ತೆಗೆದುಹಾಕಿ ಅಸಂಖ್ಯ ಒಕ್ಕಲುಗಳನ್ನು ಒಡೆಯರನ್ನಾಗಿ ಮಾಡಿತು. ಅದರ ಉಪಕಾರವನ್ನು ಮರೆಯುವವರು ನಾವಲ್ಲ. ಆದರೆ ಭೂಮಿಯನ್ನು ಬಾಡಿಗೆಗೆ ಕೊಡುವುದನ್ನೇ ಕಾನೂನು ನಿಷೇಧಿಸಿದ ಕಾರಣ, ಇಂದು ಗುತ್ತಿಗೆಗೋ ಪಾಲಿಗೋ ಹೊಲ ಹಿಡಿಯುವ ತರುಣನ ವ್ಯವಹಾರವೆಲ್ಲ ಬಾಯಿಮಾತಿನದು. ಪಹಣಿಯ 12ನೆಯ ಕಲಮಿನಲ್ಲಿ ಸಾಗುವಳಿದಾರನ ಹೆಸರಿಗೆ ಸ್ಥಳವುಂಟು. ಅಲ್ಲಿ ಅನ್ಯನ ಹೆಸರು ಬಿದ್ದರೆ ಭೂಮಿ ಕೈಬಿಟ್ಟೀತೆಂಬ ಎಪ್ಪತ್ತರ ದಶಕದ ಅಂಜಿಕೆಯು ಭೂಮಾಲಿಕರನ್ನು ಇನ್ನೂ ಬಿಟ್ಟಿಲ್ಲ. 2020ರ ತಿದ್ದುಪಡಿಯಿಂದ ಬೇಸಾಯಗಾರರಲ್ಲದವರೂ ಹೊಲ ಕೊಳ್ಳುವ ಬಾಗಿಲು ತೆರೆಯಿತು. ಪಟ್ಟಣದ ಹಣವಂತನು ಆ ಬಾಗಿಲಿನಿಂದ ಒಳಗೆ ಬರಬಹುದು. ಹಣವಿಲ್ಲದ ದುಡಿಮೆಗಾರನು ಬರುವ ಬಾಗಿಲಾವುದು?

1881ರಲ್ಲಿ ದಿವಾನ್ ರಂಗಾಚಾರ್ಲುರವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ತಾಲ್ಲೂಕುಗಳಿಂದ ಬಂದವರು ಭೂಮಿಯುಳ್ಳ ರೈತರೂ ವರ್ತಕರೂ ಆಗಿದ್ದರು. ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ. ದೇಶ ಸ್ವತಂತ್ರವಾಗಿ ಪ್ರಾಪ್ತ ವಯಸ್ಕರಿಗೆಲ್ಲ ಮತ ಬಂದಿತು. ವಿಧಾನಸಭೆಗೆ ಮತ ಹಾಕುವುದಕ್ಕೆ ಪಹಣಿಯನ್ನು ಯಾರೂ ಕೇಳುವುದಿಲ್ಲ. ಬೇಸಾಯದ ಪಡಸಾಲೆಯಲ್ಲಿ ಮಾತ್ರ ಆ ಹಳೆಯ ಅಳತೆಗೋಲೇ ನಡೆಯುತ್ತಿದೆ. ಡಾ. ಎಂ. ಎಸ್. ಸ್ವಾಮಿನಾಥನ್‌ರವರ ರೈತ ಆಯೋಗವು 2006ರಲ್ಲಿ ತನ್ನ ಕೊನೆಯ ವರದಿಯನ್ನು ಕೊಟ್ಟಿತು. ಅದನ್ನನುಸರಿಸಿ 2007ರಲ್ಲಿ ಭಾರತ ಸರ್ಕಾರದವರು ಅಂಗೀಕರಿಸಿದ ರಾಷ್ಟ್ರೀಯ ನೀತಿಯು ಭೂಮಾಲಿಕನನ್ನಷ್ಟೇ ಅಲ್ಲದೆ ಗೇಣಿದಾರನನ್ನೂ ಪಾಲುಗಾರನನ್ನೂ ಕೃಷಿ ಕೂಲಿಯನ್ನೂ ದನಕುರಿ ಸಾಕುವವನನ್ನೂ ರೈತನೆಂದೇ ಕರೆಯಿತು. ತರುಣರನ್ನು ಬೇಸಾಯದಲ್ಲಿ ನಿಲ್ಲಿಸಬೇಕೆಂದೂ ಹೇಳಿತು. ನೀತಿ ದೆಹಲಿಯಲ್ಲಿದೆ. ಚಳ್ಳಕೆರೆಗೆ ಅದಿನ್ನೂ ಬಂದು ಮುಟ್ಟಿಲ್ಲ. ಯೂರೋಪಿನವರು 40 ವರ್ಷ ಮೀರದ ರೈತರಿಗೆಂದೇ ತಮ್ಮ ಕೃಷಿ ಧನದಲ್ಲಿ ಒಂದು ಪಾಲನ್ನು ತೆಗೆದಿಡುತ್ತಾರೆ. ನಾವು ಅಷ್ಟನ್ನು ಕೇಳುತ್ತಿಲ್ಲ.

ಈ ಮಾತನ್ನು ಈಗಲೇ ಎತ್ತುವುದೇಕೆಂದರೆ, ಈ ಸೀಮೆಯ ಮುಂದಿನ ನಾಲ್ವತ್ತು ವರ್ಷಗಳು ನಿರ್ಧಾರವಾಗತಕ್ಕ ಕಾಲವಿದು. ಭದ್ರಾ ಮೇಲ್ದಂಡೆ ಯೋಜನೆಯು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2.25 ಲಕ್ಷ ಹೆಕ್ಟೇರಿಗೆ ಹನಿ ತುಂತುರು ಕ್ರಮದಲ್ಲಿ ನೀರು ಕೊಡತಕ್ಕದ್ದು. 367 ಕೆರೆಗಳನ್ನು ತುಂಬಿಸತಕ್ಕದ್ದು. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿಗಳ ನೆರವು ಪ್ರಕಟವಾಯಿತು. ನೀರು ಹರಿದು ಬಂದ ದಿನ ಸರದಿಯನ್ನು ಯಾರು ಗೊತ್ತುಮಾಡುವರು? ಶೇಂಗಾ ಬಿಟ್ಟು ಅಡಿಕೆಗೆ ಎಲ್ಲರೂ ನುಗ್ಗಿದರೆ ತಡೆಯುವವರಾರು? ನೀರು ಬಳಕೆದಾರರ ಸಹಕಾರ ಸಂಘಗಳೂ ಭೂಮಿಯ ಹೆಸರಿನ ಮೇಲೆಯೇ ನಿಂತರೆ, ಆ ನೀರಿನೊಡನೆ ಬಾಳತಕ್ಕವರು ಹೊರಗಿದ್ದು, ಬಾಳು ಮುಗಿಸಿದವರು ಒಳಗೆ ಕುಳಿತು ನಿಯಮ ಬರೆದಂತಾದೀತು.

ಕೇಳದೆ ಮಾಡಿದ ನಿರ್ಧಾರದ ಫಲವನ್ನು ಚಳ್ಳಕೆರೆ ಒಮ್ಮೆ ಕಂಡಿದೆ. ಈ ಶತಮಾನದ ಮೊದಲ ದಶಕದ ಕೊನೆಯಲ್ಲಿ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ಅಮೃತಮಹಲ್ ಹುಲ್ಲುಗಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನವು ಇಲ್ಲಿಯ ಓಡುದಾರಿಯ ಮೇಲೆ ತಾನೇ ತಾನಾಗಿ ಇಳಿದಾಗ ನಮ್ಮ ಎದೆಯೂ ಉಬ್ಬಿತು. ದೇಶಕ್ಕೆ ಭೂಮಿ ಬೇಕೆಂದರೆ ಕೊಡಲಾರೆವೆನ್ನುವ ಜನ ಇಲ್ಲಿಯವರಲ್ಲ. ಆದರೆ ಆ ಕಾವಲುಗಳಲ್ಲಿ ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ಕಂಬಳಿ ನೆಯ್ದು ಬದುಕುವ ಮನೆಗಳ ಮಕ್ಕಳನ್ನು ಮೊದಲು ಕೂರಿಸಿ ಕೇಳಿದ್ದರೆ, ಬೇಲಿ ಎದ್ದ ಬಳಿಕ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಗುವ ಪ್ರಸಂಗ ಬರುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ.

ಹಿರಿಯರ ಆಕ್ಷೇಪವೊಂದುಂಟು, ಅದನ್ನು ಹಗುರವಾಗಿ ಕಾಣಲಾಗದು. ಮಗನ ಹೆಸರು ಕಾಗದಕ್ಕೆ ಬಂದರೆ ಆತನು ಹೊಲವನ್ನು ಅಡವಿಟ್ಟು ಮೋಟಾರು ಬೈಕು ಕೊಂಡಾನೆಂದು ಅವರು ಹೇಳುತ್ತಾರೆ. ಹಾಗಾದ ಮನೆಗಳನ್ನು ನಾವೂ ಕಂಡಿದ್ದೇವೆ. ತಂದೆತಾಯಿಗಳ ಮಾತನ್ನು ಕೇಳಬೇಕೆಂದು ಮೊಳಕಾಲ್ಮೂರಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯು ಬರೆಯಿಸಿದ್ದಾನೆ. ಅದೇ ಬಂಡೆಯ ಮೇಲೆ, ಸಾಧನೆಯ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಚಿಕ್ಕವರಿಗೂ ದೊರೆಯತಕ್ಕದ್ದೆಂದೂ ಬರೆಯಿಸಿದ್ದಾನೆ. ಹಿರಿಯರು ಆ ಸಾಲನ್ನೂ ಓದಬೇಕು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದಾಗ ಕೂಲಿಯು ಅವರವರು ಮಾಡಿದಷ್ಟಕ್ಕೆ ದೊರೆಯಿತೇ ಹೊರತು ವಂಶಕ್ಕೂ ವಯಸ್ಸಿಗೂ ಅಲ್ಲವೆಂದು ಈ ಸೀಮೆಯ ಜನ ಈಗಲೂ ಹೇಳುತ್ತಾರಲ್ಲವೆ? ನಾವು ಒಡೆತನವನ್ನು ಕೇಳುತ್ತಿಲ್ಲ. 9ನೆಯ ಕಲಂ ತಂದೆಯದಾಗಿಯೇ ಇರಲಿ. 12ನೆಯ ಕಲಮಿನಲ್ಲಿ ದುಡಿಯುವವನ ಹೆಸರು ವರ್ಷಕ್ಕೊಮ್ಮೆ ಬರಲಿ. ಅದರಿಂದ ಒಡೆತನದ ಹಕ್ಕು ಹುಟ್ಟುವುದಿಲ್ಲವೆಂದು ಸರ್ಕಾರದವರು ಕಾನೂನಿನಲ್ಲೇ ಸ್ಪಷ್ಟಪಡಿಸಲಿ. ಸಾಲವೂ ವಿಮೆಯೂ ಸಂಘದ ಸದಸ್ಯತ್ವವೂ ಆ ಹೆಸರನ್ನು ಮನ್ನಿಸಲಿ.

ಅಲ್ಲಿಯವರೆಗೂ ಕಾಯಬೇಕಾದುದಿಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಉತ್ಪಾದನಾ ಸಮಿತಿಯೊಂದುಂಟು. ಬೇಸಾಯವೂ ಪಶುಪಾಲನೆಯೂ ಅದರ ಪಾಲಿನ ಕೆಲಸ. ರೈತಕೂಟ, ಯುವಕ ಮಂಡಲ, ಮಹಿಳಾ ಮಂಡಲಗಳವರನ್ನು ಆ ಸಮಿತಿಗೆ ಸೇರಿಸಿಕೊಳ್ಳುವ ಅಧಿಕಾರವನ್ನು ಕಾನೂನೇ ಕೊಟ್ಟಿದೆ. ಇದಕ್ಕೆ ಪಹಣಿ ಬೇಡ. ಪಂಚಾಯಿತಿಗೆ ಮತ ಕೇಳಲು ಬರುವವರನ್ನು ಈ ಎರಡು ತಾಲ್ಲೂಕುಗಳ ತರುಣರು ಬಾಗಿಲಲ್ಲೇ ನಿಲ್ಲಿಸಿ, ಉತ್ಪಾದನಾ ಸಮಿತಿಗೆ ನಮ್ಮಲ್ಲಿ ಎಷ್ಟು ಮಂದಿಯನ್ನು ತೆಗೆದುಕೊಳ್ಳುವಿರಿ, ಅದು ಯಾವ ತಿಂಗಳು ಸೇರುವುದು ಎಂದು ಕೇಳಲಿ. ಉತ್ತರವನ್ನು ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ಬರೆಯಿಸಲಿ.